ಲೂಯಿಸ್ ತಾರುಕ್: ಚುನಾವಣೆಯಲ್ಲಿ ಗೆದ್ದವರು ಮತ್ತೆ ಕಾಡು ಸೇರಿದ್ದೇಕೆ?

ಪ್ರಶ್ನೆ

ಎರಡನೆಯ ಮಹಾಯುದ್ಧದ ಕಾಲದ ಫಿಲಿಪ್ಪೀನ್ಸ್ ಕುರಿತು ಕೆಲವು ತಿಂಗಳುಗಳಿಂದ ಓದುತ್ತಿದ್ದೇನೆ. ಲೂಯಿಸ್ ತಾರುಕ್ ಅವರ ಹೆಸರು ಬಂದಾಗಲೆಲ್ಲ ಗೊಂದಲಕ್ಕೆ ಬೀಳುತ್ತೇನೆ. ಜಪಾನೀಯರ ವಿರುದ್ಧ 1942ರಲ್ಲಿ ಹುಟ್ಟಿದ ಹುಕ್ಬಲಹಾಪ್ ಪಡೆಯ ಸ್ಥಾಪಕರಲ್ಲಿ ಅವರು ಪ್ರಮುಖರು. ಅದರ ದಂಡನಾಯಕರೂ ಅವರೇ. ಯುದ್ಧ ಮುಗಿದ ಮೇಲೆ 1946ರ ಏಪ್ರಿಲ್ ಚುನಾವಣೆಯಲ್ಲಿ ಪಂಪಾಂಗ ಪ್ರಾಂತದಿಂದ ಸಂಸತ್ತಿನ ಕೆಳಮನೆಗೆ ಆರಿಸಿ ಬಂದರು. ಆದರೆ ಅದೇ ವರ್ಷ ಮುಗಿಯುವುದರೊಳಗೆ ಮತ್ತೆ ಬಂದೂಕು ಹಿಡಿದು ಬೆಟ್ಟ ಹತ್ತಿದ್ದರು.

ಕೆಲವರು ಅವರನ್ನು ಮಾಸ್ಕೋದ ಆಣತಿಯಂತೆ ನಡೆದ ಕಮ್ಯುನಿಸ್ಟ್ ಎಂದು ಚಿತ್ರಿಸುತ್ತಾರೆ. ಇನ್ನು ಕೆಲವರು ಬಡ ರೈತರ ಸಮಾಜವಾದಿ ನಾಯಕ ಎನ್ನುತ್ತಾರೆ. ಇವೆರಡಕ್ಕೂ ಅವರದೇ ಮಾತುಗಳ ಆಧಾರವಿದೆ ಎಂಬುದು ಇನ್ನೂ ವಿಚಿತ್ರ, ಏಕೆಂದರೆ 1953ರಲ್ಲಿ ಬಂದ ಅವರ ಆತ್ಮಕಥೆಗೂ 1967ರಲ್ಲಿ ಬಂದ ಇನ್ನೊಂದಕ್ಕೂ ಒಬ್ಬನೇ ಮನುಷ್ಯನ ಬದುಕು ಎನ್ನಿಸುವಷ್ಟು ಹೊಂದಿಕೆ ಕಾಣುವುದಿಲ್ಲ. ಮತಪೆಟ್ಟಿಗೆಯ ಮೂಲಕ ಗೆದ್ದ ಮನುಷ್ಯ ಮತ್ತೆ ಕಾಡಿಗೆ ಹೋಗಲು ಕಾರಣವೇನು, ಮತ್ತು ಈ ಎರಡು ಆತ್ಮಕಥೆಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ತಾರುಕ್ ಅವರನ್ನು ಸಿದ್ಧಾಂತದ ಕಡೆಯಿಂದ ನೋಡಲು ಹೊರಟರೆ ಈ ಗೊಂದಲ ತಪ್ಪಿದ್ದಲ್ಲ. ಗದ್ದೆಯ ಕಡೆಯಿಂದ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಅವರು ಹುಟ್ಟಿದ್ದು 1913ರ ಜೂನ್ 21ರಂದು, ಪಂಪಾಂಗದ ಸ್ಯಾನ್ ಲೂಯಿಸ್‌ನಲ್ಲಿ, ಒಂದು ರೈತ ಕುಟುಂಬದಲ್ಲಿ. ಮಧ್ಯ ಲುಜೋನ್ ಎಂದು ಕರೆಯುವ ಆ ಬಯಲುಸೀಮೆ ಫಿಲಿಪ್ಪೀನ್ಸಿನ ಭತ್ತದ ಕಣಜ. ಅಲ್ಲಿನ ಬಹುಪಾಲು ಜಮೀನು ದೊಡ್ಡ ಧಣಿಗಳ ಕೈಯಲ್ಲಿತ್ತು. ಉಳುವವನು ‘ಕಸಮಾ’ ಎಂಬ ಪಾಲುಗೇಣಿಯ ಪದ್ಧತಿಯಲ್ಲಿ ದುಡಿಯುತ್ತಿದ್ದ. ಬೆಳೆಯಲ್ಲಿ ಅರ್ಧ ಧಣಿಗೆ, ಅರ್ಧ ರೈತನಿಗೆ ಎಂಬುದು ಬಾಯಿಮಾತಿನ ಲೆಕ್ಕ. ನಿಜವಾದ ಲೆಕ್ಕ ಸಾಲದ ಪುಸ್ತಕದಲ್ಲಿರುತ್ತಿತ್ತು. ನಾಟಿಯಿಂದ ಕೊಯ್ಲಿನವರೆಗಿನ ತಿಂಗಳುಗಳಲ್ಲಿ ಮನೆಯಲ್ಲಿ ಕಾಳಿಲ್ಲದಾಗ ರೈತ ಧಣಿಯ ಕಣಜದಿಂದಲೇ ಭತ್ತ ಕಡ ತರಬೇಕಾಗಿತ್ತು. ‘ತಲಿಂದುವಾ’ ಎಂಬ ಕರಾರಿನಲ್ಲಿ ಎರಡು ಮೂಟೆ ತಂದವನು ಕೊಯ್ಲಿನಲ್ಲಿ ಮೂರು ಅಳೆಯಬೇಕು; ‘ತಕಿಪನ್’ ಎಂಬುದರಲ್ಲಿ ಒಂದಕ್ಕೆ ಎರಡು. ಇದು ವರ್ಷದ ಬಡ್ಡಿಯಲ್ಲ, ಕೆಲವೇ ತಿಂಗಳುಗಳದು ಎಂಬುದನ್ನು ಗಮನಿಸಿ. ಕಣದಲ್ಲಿ ಪಾಲಾದ ಭತ್ತ ಕಣದಲ್ಲಿಯೇ ತೀರಿಹೋಗುತ್ತಿದ್ದ ರೈತನಿಗೆ ಮರುವರ್ಷವೂ ಅದೇ ಬಾಗಿಲು.

1933ರಲ್ಲಿ ಪಾಲುಗೇಣಿಗೆಂದೇ ಒಂದು ಕಾನೂನು ಬಂದಿತು. ಆದರೆ ಪ್ರಾಂತದ ಹೆಚ್ಚಿನ ಪುರಸಭೆಗಳು ಕೋರಿಕೆ ಸಲ್ಲಿಸಿದರೆ ಮಾತ್ರ ಅದು ಅಲ್ಲಿ ಜಾರಿಯಾಗಬೇಕೆಂಬ ಷರತ್ತು ಅದರಲ್ಲಿತ್ತು, ಮತ್ತು ಆ ಪುರಸಭೆಗಳಲ್ಲಿ ಕುಳಿತಿದ್ದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಾರುಕ್ ಮನಿಲಾಕ್ಕೆ ಹೋಗಿ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿ, ಹಣ ಸಾಲದೆ ಬಿಟ್ಟು ಬಂದು, ಬುಲಕಾನ್‌ನಲ್ಲಿ ಹೊಲಿಗೆಯ ಕೆಲಸ ಮಾಡಿಕೊಂಡಿದ್ದರು. ಅವರನ್ನು ರಾಜಕೀಯಕ್ಕೆ ಎಳೆದವರು ಪೆದ್ರೊ ಅಬಾದ್ ಸಾಂತೋಸ್. ಇವರನ್ನು ಅರಿಯದೆ ತಾರುಕ್ ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ಹೆಚ್ಚು ಬರೆಯುತ್ತೇನೆ. 1876ರಲ್ಲಿ ಸ್ಯಾನ್ ಫರ್ನಾಂದೊದ ಸ್ಥಿತಿವಂತ ಮನೆತನದಲ್ಲಿ ಹುಟ್ಟಿದ ಅಬಾದ್ ಸಾಂತೋಸ್ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿ, ಅಮೆರಿಕನ್ನರ ಸೆರೆಯಲ್ಲಿದ್ದು, ಬಿಡುಗಡೆಯ ನಂತರ ವಕೀಲರಾದವರು, ಶಾಸನಸಭೆಯ ಸದಸ್ಯರಾಗಿದ್ದವರು. ತಮ್ಮದೇ ವರ್ಗದ ಧಣಿಗಳ ವಿರುದ್ಧ ರೈತರ ಪರ ವಕಾಲತ್ತು ವಹಿಸುತ್ತ ಹೋದ ಈ ಹಿರಿಯರು 1932ರಲ್ಲಿ ಸಮಾಜವಾದಿ ಪಕ್ಷವನ್ನು ಕಟ್ಟಿದರು. ರೈತರೂ ಕಬ್ಬಿನ ಗಿರಣಿಯ ಕೂಲಿಗಳೂ ಸೇರಿದ ‘ಅಗುಮಾನ್ ದಿಂಗ್ ಮಲ್ದಂಗ್ ತಲಪಗೊಬ್ರ’ ಎಂಬ ಸಂಘ ಅದರ ಬೆನ್ನೆಲುಬು. ಹೆಸರು ಕಪಂಪಾಂಗನ್ ಭಾಷೆಯದು, ಬಡ ದುಡಿಮೆಗಾರರ ಸಂಘವೆಂದು ಅರ್ಥ. ಇವರ ತಮ್ಮ ಹೊಸೆ ಅಬಾದ್ ಸಾಂತೋಸ್ ದೇಶದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದು, ಜಪಾನೀಯರೊಂದಿಗೆ ಸಹಕರಿಸಲು ಒಪ್ಪದೆ 1942ರಲ್ಲಿ ಗುಂಡಿಗೆ ಬಲಿಯಾದರು. ಒಂದೇ ಮನೆಯ ಇಬ್ಬರು, ಎರಡು ದಾರಿ.

ತಾರುಕ್ ಈ ಗುರುವಿನ ಕೈಕೆಳಗೆ ಮುಷ್ಕರಗಳಲ್ಲಿ, ಕೋರ್ಟಿನ ಅಂಗಳಗಳಲ್ಲಿ, ಊರೂರಿನ ಸಭೆಗಳಲ್ಲಿ ಬೆಳೆದರು. 1938ರಲ್ಲಿ ಸಮಾಜವಾದಿ ಪಕ್ಷ ಕಮ್ಯುನಿಸ್ಟ್ ಪಕ್ಷದೊಂದಿಗೆ ವಿಲೀನವಾಯಿತು. ಮನಿಲಾದ ಕಾರ್ಮಿಕ ನಾಯಕ ಕ್ರಿಸಾಂತೊ ಎವಾಂಜೆಲಿಸ್ತಾ ಅಧ್ಯಕ್ಷರಾದರೆ ಅಬಾದ್ ಸಾಂತೋಸ್ ಉಪಾಧ್ಯಕ್ಷರಾದರು. ಹೀಗಾಗಿ ತಾರುಕ್ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರೇ ಎಂದು ಕೇಳಿದರೆ ಹೌದು, ಅದರ ಮುಂದಾಳುಗಳಲ್ಲೂ ಒಬ್ಬರಾಗಿದ್ದರು. ಆದರೆ ವಿಲೀನದ ನಂತರವೂ ಪಂಪಾಂಗದ ಹಳ್ಳಿಗಳಲ್ಲಿ ಜನ ತಮ್ಮನ್ನು ಸಮಾಜವಾದಿಗಳೆಂದೇ ಕರೆದುಕೊಳ್ಳುತ್ತಿದ್ದರು, ಮತ್ತು 1940ರ ಸ್ಥಳೀಯ ಚುನಾವಣೆಯಲ್ಲಿ ಹಲವು ಪಟ್ಟಣಗಳ ಮೇಯರ್ ಹುದ್ದೆಗಳು ಸಮಾಜವಾದಿಗಳ ಪಾಲಾದವು. ಅರಾಯತ್ ಪಟ್ಟಣದ ಮೇಯರ್ ಕಾಸ್ತೊ ಅಲೆಹಾಂದ್ರಿನೊ ಅಂಥವರಲ್ಲಿ ಒಬ್ಬರು.

ಜಪಾನೀ ಸೇನೆ 1942ರ ಜನವರಿಯಲ್ಲಿ ಮನಿಲಾ ಹೊಕ್ಕ ಕೆಲವೇ ವಾರಗಳಲ್ಲಿ ಎವಾಂಜೆಲಿಸ್ತಾ, ಅಬಾದ್ ಸಾಂತೋಸ್ ಇಬ್ಬರೂ ಸೆರೆಯಾದರು. ಹಿರಿಯರಿಲ್ಲದ ಚಳವಳಿಯ ಭಾರ ಇಪ್ಪತ್ತೆಂಟರ ತರುಣನ ಮೇಲೆ ಬಿತ್ತು. 1942ರ ಮಾರ್ಚ್ 29ರಂದು ನ್ಯೂವಾ ಎಸಿಹಾ ಪ್ರಾಂತದ ಕಬಿಯಾವ್ ಬಳಿಯ ಕಾಡಿನ ತೆರಪಿನಲ್ಲಿ ಸೇರಿದ ಸಭೆ ‘ಹುಕ್ಬೊ ನಂಗ್ ಬಾಯನ್ ಲಾಬನ್ ಸ ಮಂಗಾ ಹಪೊನ್’, ಅಂದರೆ ಜಪಾನೀಯರ ವಿರುದ್ಧದ ಜನಸೇನೆಯನ್ನು ಸ್ಥಾಪಿಸಿತು. ಇದರ ಚಿಕ್ಕ ರೂಪವೇ ಹುಕ್ಬಲಹಾಪ್, ಇನ್ನೂ ಚಿಕ್ಕದಾಗಿ ‘ಹುಕ್’. ತಾರುಕ್ ದಂಡನಾಯಕ, ಅಲೆಹಾಂದ್ರಿನೊ ಉಪನಾಯಕ. ಬಂದೂಕಿಗಿಂತ ಮೊದಲು ಅವರ ಬಳಿ ಇದ್ದದ್ದು ರೈತ ಸಂಘದ ಜಾಲ. ಯಾವ ಹಳ್ಳಿಯಲ್ಲಿ ಯಾರ ಮನೆ ಸುರಕ್ಷಿತ, ಯಾರು ಅನ್ನ ಹಾಕುತ್ತಾರೆ ಎಂಬುದು ಮುಷ್ಕರಗಳ ಕಾಲದಿಂದಲೇ ಗೊತ್ತಿತ್ತು. ಅರಾಯತ್ ಬೆಟ್ಟವೂ ಕಂದಾಬ ಜೌಗು ನೆಲವೂ ಅಡಗಲು ಒದಗಿದವು. ಧಣಿಗಳಲ್ಲಿ ಹಲವರು ಪಟ್ಟಣಗಳಿಗೆ ಓಡಿಹೋಗಿದ್ದರಿಂದ ಆ ಮೂರು ವರ್ಷ ಎಷ್ಟೋ ಕಡೆ ರೈತನ ಬೆಳೆ ರೈತನ ಮನೆಯಲ್ಲಿಯೇ ಉಳಿಯಿತು. ಯುದ್ಧ ಮುಗಿದು ಧಣಿಗಳು ಹಿಂತಿರುಗಿ ಹಳೆಯ ಪಾಲನ್ನೂ ಹಳೆಯ ಸಾಲವನ್ನೂ ಕೇಳಿದಾಗ ಏನಾಗಬಹುದಿತ್ತೋ ಅದೇ ಆಯಿತು.

ಪ್ರಶ್ನೆ ಕೇಳಿದವರು

ವಿವರವಾದ ಉತ್ತರಕ್ಕೆ ಕೃತಜ್ಞತೆಗಳು. ಗೇಣಿಯ ಹಿನ್ನೆಲೆ ಸ್ಪಷ್ಟವಾಯಿತು. ಆದರೆ ಧಣಿಗಳ ವಿರುದ್ಧದ ಕೋಪ ಮಾತ್ರವೇ ಕಾರಣವಾಗಿದ್ದರೆ ಅವರು ಚುನಾವಣೆಗೆ ನಿಲ್ಲುತ್ತಲೇ ಇರಲಿಲ್ಲ ಎನ್ನಿಸುತ್ತದೆ. ಗೆದ್ದ ಮೇಲೆ ಸಂಸತ್ತಿನಲ್ಲಿ ನಿಜವಾಗಿ ನಡೆದದ್ದೇನು? ಚುನಾವಣಾ ಅಕ್ರಮದ ಆರೋಪದ ಮೇಲೆ ಅವರನ್ನು ಹೊರಗಿಟ್ಟರು ಎಂದಷ್ಟೇ ಓದಿದ್ದೇನೆ.

ಎರಡನೆಯ ಉತ್ತರ

ಆರೋಪ ಅದೇ; ಆದರೆ ಅದರ ಹಿಂದೆ ಒಂದು ಸರಳ ಗಣಿತವಿತ್ತು.

ರೈತ ಸಂಘಗಳು, ಕಾರ್ಮಿಕ ಸಂಘಗಳು, ಮನಿಲಾದ ಉದಾರವಾದಿ ವಿದ್ಯಾವಂತರು ಸೇರಿ 1945ರಲ್ಲಿ ಡೆಮಾಕ್ರಟಿಕ್ ಅಲೈಯನ್ಸ್ ಎಂಬ ಕೂಟವನ್ನು ಕಟ್ಟಿದ್ದರು. 1946ರ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಕೂಟ ಆಗಿನ ಅಧ್ಯಕ್ಷ ಸೆರ್ಜಿಯೊ ಒಸ್ಮೆಞಾ ಅವರನ್ನು ಬೆಂಬಲಿಸಿತು. ಗೆದ್ದವರು ಮನುಯೆಲ್ ರೊಹಾಸ್. ಆದರೂ ಮಧ್ಯ ಲುಜೋನ್‌ನಿಂದ ಕೂಟದ ಆರು ಮಂದಿ ಕೆಳಮನೆಗೆ ಆರಿಸಿ ಬಂದರು. ತಾರುಕ್ ಅವರಲ್ಲೊಬ್ಬರು.

ಇದೇ ಹೊತ್ತಿಗೆ ಅಮೆರಿಕದ ಸಂಸತ್ತು ಬೆಲ್ ವ್ಯಾಪಾರ ಕಾಯಿದೆಯನ್ನು ಅಂಗೀಕರಿಸಿತ್ತು. ಫಿಲಿಪ್ಪೀನ್ಸಿನ ಗಣಿ, ಅರಣ್ಯ, ಭೂಮಿಯಂಥ ನೈಸರ್ಗಿಕ ಸಂಪತ್ತನ್ನು ಬಳಸುವುದರಲ್ಲಿ ಅಮೆರಿಕನ್ನರಿಗೆ ಫಿಲಿಪ್ಪೀನಿಯರಷ್ಟೇ ಹಕ್ಕು ಕೊಡಬೇಕೆಂಬುದು ಅದರ ಒಂದು ಷರತ್ತು. 1935ರ ಸಂವಿಧಾನವಾದರೋ ಅಂಥ ಉದ್ಯಮಗಳಲ್ಲಿ ಕನಿಷ್ಠ ಶೇ. 60ರಷ್ಟು ಬಂಡವಾಳ ಫಿಲಿಪ್ಪೀನಿಯರದೇ ಆಗಿರಬೇಕೆಂದು ಹೇಳುತ್ತಿತ್ತು. ಆದ್ದರಿಂದ ಸಂವಿಧಾನವನ್ನೇ ತಿದ್ದಬೇಕಾಯಿತು. ಒಪ್ಪದಿದ್ದರೆ ಯುದ್ಧಹಾನಿಯ ಪರಿಹಾರದಲ್ಲಿ 500 ಡಾಲರಿಗೆ ಮೀರಿದ ಮೊತ್ತ ಕೈಗೆ ಬರುವಂತಿರಲಿಲ್ಲ. ಮನಿಲಾ ಅಂಥ ನಗರಗಳು ಬೂದಿಯಾಗಿ ಬಿದ್ದಿದ್ದ ಕಾಲವದು. ಸ್ವಾತಂತ್ರ್ಯ ಘೋಷಣೆಯಾದದ್ದು 1946ರ ಜುಲೈ 4ರಂದು, ಹೊಸ ದೇಶದ ಕೊರಳಿಗೆ ಈ ಹಗ್ಗ ಬಿದ್ದದ್ದು ಅದೇ ದಿನಗಳಲ್ಲಿ.

ತಿದ್ದುಪಡಿಗೆ ಎರಡೂ ಮನೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಬೇಕಿತ್ತು. 24 ಸ್ಥಾನಗಳ ಮೇಲ್ಮನೆಯಲ್ಲಿ ಅದು 18 ಆಗುತ್ತದೆ. ಬಿದ್ದದ್ದು 16 ಮತ. ಅದು ಸಾಕಾದದ್ದು ಮೂವರು ಸೆನೆಟರುಗಳನ್ನು ಮೊದಲೇ ಅಮಾನತಿನಲ್ಲಿಟ್ಟು ಲೆಕ್ಕದಿಂದ ಬಿಟ್ಟದ್ದರಿಂದ. ಕೆಳಮನೆಯಲ್ಲಿಯೂ ತಾರುಕ್ ಸೇರಿದಂತೆ, ತಿದ್ದುಪಡಿಯನ್ನು ವಿರೋಧಿಸುತ್ತಿದ್ದ ಎಂಟು ಮಂದಿಯನ್ನು ಸಭಾಧ್ಯಕ್ಷರ ಆಯ್ಕೆಯ ನಂತರ ಕೂರಲು ಬಿಡಲಿಲ್ಲ. ಅಲ್ಲಿ ಬಿದ್ದ ಪರ ಮತಗಳು 68. ಹೊರಗುಳಿದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅವರನ್ನು ಎಣಿಸಿದ್ದರೆ ಯಾವ ಮನೆಯಲ್ಲಿಯೂ ಅಗತ್ಯ ಮತ ಬರುತ್ತಿರಲಿಲ್ಲ ಎಂದು 1947ರ ಮಾರ್ಚಿನ ತೀರ್ಪೇ ಬರೆಯುತ್ತದೆ. ಹಾಗೆ ಬರೆದೂ, ಇದು ರಾಜಕೀಯ ಪ್ರಶ್ನೆ, ನ್ಯಾಯಾಲಯ ಕೈಹಾಕುವಂಥದ್ದಲ್ಲ ಎಂದು ಅರ್ಜಿಯನ್ನು ವಜಾ ಮಾಡಿತು. ಅದೇ ತಿಂಗಳು ನಡೆದ ಜನಮತದಲ್ಲಿ ತಿದ್ದುಪಡಿ ಅಂಗೀಕಾರವಾಯಿತು.

ಸಂಸತ್ತಿನಿಂದ ಹೊರಗಿಟ್ಟ ಮೇಲೂ ತಾರುಕ್ ಕೂಡಲೇ ಕಾಡಿಗೆ ಹೋಗಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸರ್ಕಾರದೊಂದಿಗೆ ಕೂಡಿ ಹಳ್ಳಿಗಳಲ್ಲಿ ಶಾಂತಿ ನೆಲೆಗೊಳಿಸುವ ಸಂಚಾರದಲ್ಲಿ 1946ರ ನಡುವಿನ ತಿಂಗಳುಗಳನ್ನು ಕಳೆದವರಲ್ಲಿ ಅವರೂ, ನ್ಯೂವಾ ಎಸಿಹಾದ ರೈತ ನಾಯಕ ಹುವಾನ್ ಫೆಲೆಯೊ ಅವರೂ ಇದ್ದರು. ಆಗಸ್ಟ್ 24ರಂದು ಫೆಲೆಯೊ ಅವರನ್ನು ಸಮವಸ್ತ್ರದಲ್ಲಿದ್ದವರು ದಾರಿಯಲ್ಲಿ ಎಳೆದೊಯ್ದು ಕೊಂದರು. ಸಂಧಾನಕಾರನಿಗೇ ರಕ್ಷಣೆಯಿಲ್ಲದ ಮೇಲೆ ತಾರುಕ್ ಮನಿಲಾಕ್ಕೆ ಮರಳಲಿಲ್ಲ.

ಅದಕ್ಕೂ ಹಿಂದಿನ ಕಹಿಯೊಂದಿದೆ. 1945ರ ಫೆಬ್ರವರಿಯಲ್ಲಿ ಅಮೆರಿಕನ್ ಸೇನೆಗೆ ನೆರವಾಗಿ ಹಿಂತಿರುಗುತ್ತಿದ್ದ ಹುಕ್ ತುಕಡಿಯೊಂದರ ನೂರಕ್ಕೂ ಹೆಚ್ಚು ಮಂದಿಯನ್ನು ಮಲೋಲೋಸ್‌ನಲ್ಲಿ ಪ್ರತಿಸ್ಪರ್ಧಿ ಗೆರಿಲ್ಲಾ ಪಡೆಯವರು ನಿರಾಯುಧರನ್ನಾಗಿಸಿ ಕೊಂದಿದ್ದರು. ಅದೇ ವರ್ಷ ತಾರುಕ್, ಅಲೆಹಾಂದ್ರಿನೊ ಇಬ್ಬರನ್ನೂ ಅಮೆರಿಕನ್ನರು ಬಂಧಿಸಿ ಪಲವಾನ್ ದ್ವೀಪದ ಇವಾಹಿಗ್ ಬಂದೀಖಾನೆಗೆ ಕಳಿಸಿದ್ದರು. ಜಪಾನೀಯರ ಎದುರು ಹೋರಾಡಿದ್ದಕ್ಕೆ ದೊರೆತ ಮನ್ನಣೆಯಿದು. ಇಷ್ಟನ್ನು ಕಂಡವರು ಚುನಾವಣೆಗೆ ನಿಂತದ್ದೇ ಆಶ್ಚರ್ಯ ಎನ್ನಬೇಕು.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತಿನಲ್ಲಿ ತಪ್ಪಿಲ್ಲ. ಆದರೆ ಓದಿ ಮುಗಿಸಿದಾಗ ತಾರುಕ್ ಕೇವಲ ಅನ್ಯಾಯಕ್ಕೆ ಒಳಗಾದವರಂತೆ ಉಳಿಯುತ್ತಾರೆ. ಆ ಚಿತ್ರಕ್ಕೆ ನನ್ನ ತಕರಾರಿದೆ.

1948ರ ಮಾರ್ಚಿನಲ್ಲಿ ರೊಹಾಸ್ ಹುಕ್ ಪಡೆಯನ್ನು ಕಾನೂನುಬಾಹಿರವೆಂದು ಘೋಷಿಸಿ, ಮರುತಿಂಗಳೇ ತೀರಿಕೊಂಡರು. ಉತ್ತರಾಧಿಕಾರಿ ಎಲ್ಪಿದಿಯೊ ಕಿರಿನೊ ಜೂನ್‌ನಲ್ಲಿ ಕ್ಷಮಾದಾನ ಸಾರಿದಾಗ ತಾರುಕ್ ಮನಿಲಾಕ್ಕೆ ಬಂದು, ಎರಡು ವರ್ಷದ ಹಿಂದೆ ಗೆದ್ದ ಸ್ಥಾನದಲ್ಲಿ ಕುಳಿತು, ಬಾಕಿ ಸಂಬಳವನ್ನೂ ಪಡೆದರು. ಆಯುಧ ಒಪ್ಪಿಸುವ ವಿಷಯದಲ್ಲಿ ಮಾತು ಮುರಿದು ಆಗಸ್ಟ್‌ನಲ್ಲಿ ಮತ್ತೆ ಕಾಡು ಸೇರಿದರು. ಈ ಎರಡನೆಯ ನಿರ್ಗಮನವನ್ನು ಫೆಲೆಯೊ ಕೊಲೆಯ ಮರುದಿನಗಳ ನಿರ್ಗಮನದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮುಂದಿನದು ಇನ್ನೂ ಕಠಿಣ. 1949ರ ಏಪ್ರಿಲ್ 28ರಂದು ಮಾಜಿ ಅಧ್ಯಕ್ಷ ಕೆಸೋನ್ ಅವರ ಪತ್ನಿ ಅರೋರಾ ಕೆಸೋನ್, ಅವರ ಮಗಳು ಮತ್ತು ಅಳಿಯ ಬಾಲೆರ್‌ಗೆ ಹೋಗುವ ದಾರಿಯಲ್ಲಿ ಹೊಂಚುದಾಳಿಗೆ ಸಿಕ್ಕಿ ಸತ್ತರು. ಆ ಕೃತ್ಯದ ಹೊಣೆ ಹುಕ್ ಪಡೆಯ ಮೇಲೆಯೇ ಬಿತ್ತು. 1950ರ ಆಗಸ್ಟಿನಲ್ಲಿ ಟಾರ್ಲಾಕ್‌ನ ಸೇನಾ ಶಿಬಿರದ ಮೇಲೆ ನಡೆದ ದಾಳಿಯಲ್ಲಿ ಆಸ್ಪತ್ರೆಯಲ್ಲಿದ್ದವರನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಆಜ್ಞೆ ತಾರುಕ್ ಅವರದೇ ಎಂದು ನಾನು ಹೇಳುತ್ತಿಲ್ಲ. ಆದರೆ ಸೇನೆಯ ಹೆಸರಿಗೆ ತಮ್ಮ ಹೆಸರನ್ನು ಕೊಟ್ಟವರು ಅದರ ಕೈಯ ರಕ್ತದಿಂದ ದೂರ ನಿಲ್ಲಲಾಗದು. ಹುಕ್ ಪಡೆಗೆ ಹಳ್ಳಿಗಳಲ್ಲಿದ್ದ ಒಲವು ಕರಗತೊಡಗಿದ್ದು ಈ ಎರಡು ವರ್ಷಗಳಲ್ಲಿಯೇ.

ಇಲ್ಲಿಯವರೆಗೆ ಒಬ್ಬ ಹೆಂಗಸಿನ ಹೆಸರೂ ಹುಕ್‌ಗಳ ನಡುವೆ ಬರಲಿಲ್ಲ ಎಂಬುದನ್ನೂ ಹೇಳಲೇಬೇಕು. ಕಬಿಯಾವ್ ಸಭೆಗೆ ಮೂರು ವಾರ ಮುಂಚೆ, 1942ರ ಮಾರ್ಚ್ 8ರಂದು, ಕಂದಾಬದ ಮಂದಿಲಿ ಎಂಬಲ್ಲಿ ಜಪಾನೀ ತುಕಡಿಯ ಮೇಲೆ ಎರಗಿದ ಪಡೆಯ ನಾಯಕಿ ಫೆಲಿಪಾ ಕುಲಾಲಾ. ‘ದಾಯಂಗ್ ದಾಯಂಗ್’ ಎಂದು ಹೆಸರಾದವರು. ಸ್ಥಾಪನಾ ಸಭೆ ಆರಿಸಿದ ನಾಲ್ವರ ಸೇನಾ ಸಮಿತಿಯಲ್ಲಿ ತಾರುಕ್, ಅಲೆಹಾಂದ್ರಿನೊ, ಬೆರ್ನಾರ್ದೊ ಪೊಬ್ಲೆತೆ ಅವರೊಂದಿಗೆ ಆಕೆಯೂ ಇದ್ದರು. ಮುಂದೆ ಜನರ ಸೊತ್ತನ್ನು ದೋಚಿದ ಆರೋಪದ ಮೇಲೆ ಹುಕ್ ಪಡೆಯೇ ಆಕೆಗೆ ಮರಣದಂಡನೆ ವಿಧಿಸಿತು. ಇನ್ನೊಬ್ಬರು ರೆಮೆದಿಯೊಸ್ ಗೋಮೆಸ್, ತಂದೆಯನ್ನು ಜಪಾನೀಯರು ಕೊಂದ ಮೇಲೆ ಪಡೆ ಸೇರಿ ‘ಲಿವಾಯ್‌ವಾಯ್’ ಎಂಬ ಹೆಸರಿನಲ್ಲಿ ತುಕಡಿ ನಡೆಸಿದವರು. ಕದನಕ್ಕೆ ಮೊದಲು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರೆಂಬ ಮಾತನ್ನೇ ಎಲ್ಲರೂ ನೆನೆಯುತ್ತಾರೆ. ಅವರು ಕಾದಿದ ಕದನಗಳನ್ನು ನೆನೆಯುವವರು ಕಡಿಮೆ. ಪಕ್ಷವಂತೂ 1950ರಲ್ಲಿ, ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಬಂದ ಗಂಡಸರು ಷರತ್ತುಗಳೊಂದಿಗೆ ಕಾಡಿನಲ್ಲಿ ಇನ್ನೊಂದು ಸಂಬಂಧ ಬೆಳೆಸಬಹುದೆಂದು ಲಿಖಿತ ನಿಯಮವನ್ನೇ ಮಾಡಿತು. ಸಮಾನತೆಯ ಮಾತು ಎಲ್ಲಿಗೆ ನಿಲ್ಲುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮೊದಲ ಉತ್ತರ ಬರೆದವರು

ಮೂರನೆಯ ಉತ್ತರದ ತಕರಾರನ್ನು ಒಪ್ಪುತ್ತೇನೆ. 1948ರ ಕ್ಷಮಾದಾನ ಮುರಿದುದರಲ್ಲಿ ಎರಡೂ ಕಡೆಯ ತಪ್ಪಿದೆ ಎಂಬುದಷ್ಟೇ ನನ್ನ ಸೇರ್ಪಡೆ. ಇನ್ನು ಆತ್ಮಕಥೆಗಳ ಪ್ರಶ್ನೆ ಉಳಿದಿದೆ.

1953ರ ಪುಸ್ತಕ ತಾರುಕ್ ಹೆಸರಿನಲ್ಲಿ ಬಂದಿದ್ದರೂ ಅದನ್ನು ಬರೆದದ್ದು ವಿಲಿಯಂ ಪೊಮೆರಾಯ್. ಯುದ್ಧಕಾಲದಲ್ಲಿ ಸೈನಿಕನಾಗಿ ಫಿಲಿಪ್ಪೀನ್ಸಿಗೆ ಬಂದ ಈ ಅಮೆರಿಕನ್ ಕಮ್ಯುನಿಸ್ಟ್, ಅಲ್ಲಿನ ಪಕ್ಷದ ಕಾರ್ಯಕರ್ತೆ ಸೆಲಿಯಾ ಮರಿಯಾನೊ ಅವರನ್ನು ಮದುವೆಯಾಗಿ ಹುಕ್‌ಗಳೊಂದಿಗೆ ಕಾಡು ಸೇರಿ, 1952ರಲ್ಲಿ ಸೆರೆಸಿಕ್ಕರು. ಬಾಲ್ಯ, ಗೇಣಿ, ಮುಷ್ಕರ, ಜಪಾನೀ ಕಾಲದ ಕದನಗಳ ವಿವರಗಳು ತಾರುಕ್ ಅವರವು. ಅವೆಲ್ಲವನ್ನೂ ಪಕ್ಷದ ದಾರದಲ್ಲಿ ಪೋಣಿಸಿದ ಕೈ ಪೊಮೆರಾಯ್ ಅವರದು. 1967ರ ಪುಸ್ತಕ ಸೆರೆಮನೆಯಲ್ಲಿದ್ದ, ಪಕ್ಷದಿಂದ ಮುನಿದಿದ್ದ, ಬಾಲ್ಯದ ಕ್ರೈಸ್ತ ನಂಬಿಕೆಗೆ ಮರಳಿ ತಮ್ಮನ್ನು ಕ್ರೈಸ್ತ ಸಮಾಜವಾದಿಯೆಂದು ಕರೆದುಕೊಂಡ ಮನುಷ್ಯನದು. ಬಿಡುಗಡೆಯನ್ನು ಬಯಸುತ್ತಿದ್ದವನದೂ ಹೌದು. ಹೀಗಾಗಿ ಹಳ್ಳಿಯ ಸಂಗತಿಗಳಿಗೆ ಮೊದಲನೆಯದನ್ನೂ, ಪಕ್ಷದೊಳಗಿನ ಜಗಳಗಳಿಗೆ ಎರಡನೆಯದನ್ನೂ ನಾನು ಹೆಚ್ಚು ನೆಚ್ಚುತ್ತೇನೆ, ಎರಡನೆಯದನ್ನು ಸ್ವಲ್ಪ ಎಚ್ಚರದಿಂದಲೇ.

ಆ ಜಗಳ ಹಳೆಯದು. ಮನಿಲಾದಲ್ಲಿದ್ದ ಲಾವಾ ಸಹೋದರರ ಕೈಯಲ್ಲಿ ಪಕ್ಷದ ಚುಕ್ಕಾಣಿಯಿತ್ತು. 1946ರಲ್ಲಿ ರೈತರು ಆಯುಧ ಹಿಡಿದಾಗ ಪಕ್ಷ ಅದನ್ನು ಪೂರ್ಣವಾಗಿ ಬೆಂಬಲಿಸಲಿಲ್ಲ. ಸಶಸ್ತ್ರ ಹೋರಾಟವೇ ಮುಖ್ಯವೆಂದು ಅದು ತೀರ್ಮಾನಿಸಿದ್ದು 1948ರಲ್ಲಿ. 1950ರ ಹೊತ್ತಿಗೆ ಕ್ರಾಂತಿ ಕೈಗೆಟುಕಿದೆ ಎಂದು ಲಾವಾಗಳು ಲೆಕ್ಕ ಹಾಕುತ್ತಿದ್ದಾಗ ಹಳ್ಳಿಯ ರೈತ ಅದಾಗಲೇ ದಣಿದಿದ್ದ. ಆ ವರ್ಷದ ಸೆಪ್ಟೆಂಬರಿನಲ್ಲಿ ರಾಮೋನ್ ಮಗ್ಸಾಯ್‌ಸಾಯ್ ರಕ್ಷಣಾ ಕಾರ್ಯದರ್ಶಿಯಾದರು, ಅಕ್ಟೋಬರಿನಲ್ಲಿ ಹೊಸೆ ಲಾವಾ ಸಹಿತ ಮನಿಲಾದ ಪಕ್ಷ ನಾಯಕತ್ವ ಒಮ್ಮೆಲೇ ಸೆರೆಯಾಯಿತು. ಸೈನಿಕರ ದೌರ್ಜನ್ಯಕ್ಕೆ ಮಗ್ಸಾಯ್‌ಸಾಯ್ ಕಡಿವಾಣ ಹಾಕಿದರು. ಶರಣಾದ ಹುಕ್‌ಗಳಿಗೆ ಮಿಂದನಾವೊದಲ್ಲಿ ಜಮೀನು ಕೊಡುವ ಯೋಜನೆ ತಂದರು. ಅದರಿಂದ ಜಮೀನು ಕಂಡ ಕುಟುಂಬಗಳು ಸಾವಿರಕ್ಕೂ ಕಡಿಮೆ, ಅವುಗಳಲ್ಲಿ ಹುಕ್ ಕುಟುಂಬಗಳು ಇನ್ನೂ ಕಡಿಮೆ. ಆದರೆ ಭೂಮಿ ಸಿಕ್ಕೀತೆಂಬ ಮಾತೇ ಕಾಡಿನೊಳಗೆ ಬಂದೂಕಿಗಿಂತ ಹೆಚ್ಚು ಕೆಲಸ ಮಾಡಿತು.

ಶಾಂತಿ ಮಾತುಕತೆ ಬೇಕೆಂದ ತಾರುಕ್ ಅವರನ್ನು ಪಕ್ಷ ದೂರ ಸರಿಸಿತು. 1954ರ ಮೇ 17ರಂದು ಅವರು ಶರಣಾದರು. ಅದಕ್ಕೆ ಮುಂಚಿನ ನಾಲ್ಕು ತಿಂಗಳು ಮಗ್ಸಾಯ್‌ಸಾಯ್ ಪರವಾಗಿ ಕಾಡಿಗೆ ಎಡತಾಕಿದವರು ಇಪ್ಪತ್ತೊಂದರ ಪತ್ರಕರ್ತ ಬೆನಿಗ್ನೊ ಅಕಿನೊ. ಹದಿನಾಲ್ಕು ವರ್ಷಗಳ ಸೆರೆವಾಸದ ನಂತರ, 1968ರ ಸೆಪ್ಟೆಂಬರಿನಲ್ಲಿ ತಾರುಕ್ ಅವರನ್ನು ಬಿಡುಗಡೆ ಮಾಡಿದವರು ಆಗಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೊಸ್. ನಾಲ್ಕು ವರ್ಷ ಕಳೆದು ಅದೇ ಮಾರ್ಕೊಸ್ ಅಕಿನೊ ಅವರನ್ನು ಸೆರೆಗೆ ತಳ್ಳಿದರು.

ಗುರು ಅಬಾದ್ ಸಾಂತೋಸ್ 1945ರ ಜನವರಿಯಲ್ಲಿ, ಅಮೆರಿಕನ್ ಸೇನೆ ಮನಿಲಾ ತಲುಪುವ ಮುನ್ನವೇ, ಪಂಪಾಂಗದ ಮಿನಾಲಿನ್‌ನಲ್ಲಿ ತೀರಿಕೊಂಡಿದ್ದರು. ಚುನಾವಣೆ, ಕ್ಷಮಾದಾನ, ಶರಣಾಗತಿ, ಯಾವುದರಲ್ಲಿಯೂ ತಾರುಕ್ ಅವರಿಗೆ ಆ ಹಿರಿಯರ ಸಲಹೆ ದೊರೆಯಲಿಲ್ಲ. ತಾರುಕ್ ಮಾತ್ರ ತೊಂಬತ್ತೊಂದು ವರ್ಷ ಬದುಕಿ, ಬಿಡುಗಡೆಯ ನಂತರವೂ ಭೂಸುಧಾರಣೆಯ ಮಾತನ್ನೇ ಆಡುತ್ತಿದ್ದು, 2005ರ ಮೇ 4ರಂದು ಕೆಸೋನ್ ಸಿಟಿಯಲ್ಲಿ ಕೊನೆಯುಸಿರೆಳೆದರು.